ಇನ್ನಾಸಪ್ಪನ ಗೋಲು, ಪಿಳ್ಳಪ್ಪನ ಒಣ ಅಂಗಿ

ಇನ್ನಾಸಪ್ಪ ಗೋಲು ಹೊಡೆಯುತ್ತಿದ್ದ. ಪಿಳ್ಳಪ್ಪ ನಿಂತಿರುತ್ತಿದ್ದ. ಒಂಬತ್ತು ವರ್ಷ ಜನ ಕಂಡದ್ದು ಇಷ್ಟೇ.

ಮಕ್ಕಳೇ, ಇದು ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದ ಕಾಲದ ಕಥೆ. ಆಗ ಆಟಕ್ಕೆ ಸಂಬಳವಿರಲಿಲ್ಲ. ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿಗೆ ಒಂದು ತಂಡವಿತ್ತು. ಬೆಳಗ್ಗೆ ಮಗ್ಗದ ಮುಂದೆ ನಿಂತವರೇ ಸಂಜೆ ಮೈದಾನಕ್ಕೆ ಇಳಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬದಲಿ ಕೆಲಸಗಾರರು. ಅಂದರೆ, ಕಾಯಂ ಆದವನು ಬಾರದ ದಿನ ಅವನ ಮಗ್ಗ ನೋಡಿಕೊಳ್ಳುವವರು. ಬದಲಿಯವನಿಗೆ ದಿನವೂ ಕೆಲಸ ಸಿಗುವ ಭರವಸೆಯಿಲ್ಲ. ಆದರೆ ಅವನ ಹೆಸರು ತಂಡದ ಪಟ್ಟಿಯಲ್ಲಿದ್ದರೆ ದಿನವೂ ಸಿಗುತ್ತಿತ್ತು. ಪಟ್ಟಿಯಿಂದ ಹೆಸರು ತೆಗೆದರೆ ಆಟವೂ ಹೋಯಿತು, ಅನ್ನವೂ ಹೋಯಿತು.

ಇನ್ನಾಸಪ್ಪ ಸೆಂಟರ್ ಫಾರ್ವರ್ಡ್. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ಒಂಬತ್ತು ವರ್ಷದಲ್ಲಿ ನೂರಾ ಮೂವತ್ತೊಂದು ಗೋಲು ಹೊಡೆದಿದ್ದ. ಎಡಗಡೆಯಿಂದ ನುಗ್ಗಿ, ನೆಲಕ್ಕೆ ತಾಗಿದಂತೆ ಒದ್ದು, ಆಚೆ ಕಂಬದ ಒಳಮಗ್ಗುಲಿಗೆ ಚೆಂಡು ಸೇರಿಸುವುದು ಅವನ ಪದ್ಧತಿ. ಜನ ಅದಕ್ಕೆ ‘ಇನ್ನಾಸಪ್ಪನ ಗೋಲು’ ಎಂದೇ ಹೆಸರಿಟ್ಟಿದ್ದರು. ಗೋಲಾದ ಕೂಡಲೇ ಅವನು ಜನರಿದ್ದ ಕಡೆಗೆ ಓಡುತ್ತಿದ್ದ. ಜನ ಅವನನ್ನು ಎತ್ತಿಕೊಳ್ಳುತ್ತಿದ್ದರು. ಆ ಗೋಲುಗಳ ದೆಸೆಯಿಂದ ಮಿಲ್ಲಿನಲ್ಲಿ ಅವನು ಬೇಗ ಕಾಯಂ ಆದ.

ಪಿಳ್ಳಪ್ಪ ಸೆಂಟರ್ ಹಾಫ್. ಮೈದಾನದ ನಟ್ಟನಡುವೆ, ಇನ್ನಾಸಪ್ಪನ ಹಿಂದೆ ಅವನ ಜಾಗ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತುಬಿಡುತ್ತಿದ್ದ. ಈ ಕಡೆಗೆ ಎರಡು ಹೆಜ್ಜೆ, ಆ ಕಡೆಗೆ ಮೂರು ಹೆಜ್ಜೆ. ಯಾರನ್ನೋ ಕಾಯುತ್ತಿರುವ ನೆಂಟನ ಹಾಗೆ ಕಾಣುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನು ಹೊಡೆದ ಗೋಲು ಒಂದೂ ಇಲ್ಲ. ಹಾಗಾಗಿ ಮಿಲ್ಲಿನಲ್ಲಿ ಬದಲಿಯಾಗಿಯೇ ಉಳಿದಿದ್ದ.

ಈಗ ಆ ಮಿಲ್ಲಿನವರ ಒಂದು ವಿಚಿತ್ರ ಪದ್ಧತಿ ಹೇಳುತ್ತೇನೆ, ನಗಬೇಡಿ. ಆಟ ಮುಗಿದ ಮೇಲೆ ಎಲ್ಲರೂ ಅಂಗಿ ಬಿಚ್ಚಿ ಸಾಲಾಗಿ ನಿಲ್ಲಬೇಕಿತ್ತು. ತಂಡದ ಕಾರ್ಯದರ್ಶಿ ಶ್ರೀಕಂಠಯ್ಯ ಒಂದೊಂದೇ ಅಂಗಿ ತೆಗೆದುಕೊಂಡು ಹಿಂಡುತ್ತಿದ್ದ. ಅವನು ಮಿಲ್ಲಿನ ಟೈಮ್ ಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದುಕೊಳ್ಳುವುದು ಅವನ ಕೆಲಸ. ಬೆವರು ಧಾರೆಯಾಗಿ ಇಳಿದರೆ ಆ ಅಂಗಿಯವನಿಗೆ ಎರಡು ಗೋಲಿ ಸೋಡ. ತೊಟ್ಟಿಕ್ಕಿದರೆ ಒಂದು. ಏನೂ ಬಾರದಿದ್ದರೆ ಬರೀ ನೀರು. ಜೀವಮಾನವೆಲ್ಲ ಬಟ್ಟೆ ಮುಟ್ಟಿದ ಜನ, ಆಟವನ್ನೂ ಬಟ್ಟೆ ಹಿಂಡಿಯೇ ಅಳೆಯುತ್ತಿದ್ದರು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪಿಳ್ಳಪ್ಪನ ಅಂಗಿಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

‘ಇದನ್ನ ಒಗೆಯೋದೇ ಬೇಡ, ಮಡಿಸಿ ಇಟ್ಬಿಡು,’ ಎಂದು ಶ್ರೀಕಂಠಯ್ಯ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಪಿಳ್ಳಪ್ಪನೂ ನಗುತ್ತಿದ್ದ. ನೀರು ಕುಡಿದು, ಅಂಗಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ‘ಒಣ ಅಂಗಿ ಪಿಳ್ಳಪ್ಪ’ ಎಂಬ ಹೆಸರು ಹೀಗೆ ಬಂತು.

ಒಂದು ವರ್ಷ ಮಿಲ್ಲಿನ ಯಜಮಾನರಿಂದ ಹುಕುಂ ಬಂತು. ತಂಡದ ಪಟ್ಟಿಯಲ್ಲಿ ಬದಲಿಗಳು ಹೆಚ್ಚಾಗಿದ್ದಾರೆ, ಒಬ್ಬನನ್ನು ತೆಗೆಯಿರಿ ಎಂದು. ಶ್ರೀಕಂಠಯ್ಯನೂ ಸೇರಿ ತಂಡದ ಕಮಿಟಿಯ ಮೂವರು ಆಫೀಸಿನ ಮಹಡಿಯ ಮೇಲೆ ಕೂತರು. ಯಾರನ್ನು ತೆಗೆಯುವುದು? ಅವರಿಗೆ ಹೊಳೆಯಲಿಲ್ಲ. ಇನ್ನಾಸಪ್ಪನನ್ನು ಕರೆಸಿದರು.

‘ಏನಯ್ಯ, ನಿನಗಿಂತ ಆಟ ಬಲ್ಲವರು ಯಾರಿದಾರೆ? ನೀನೇ ಹೇಳು,’ ಎಂದ ಶ್ರೀಕಂಠಯ್ಯ.

ಇನ್ನಾಸಪ್ಪ ಯೋಚಿಸಲೇ ಇಲ್ಲ. ‘ಪಿಳ್ಳಪ್ಪನ್ನ ತೆಗೀರಿ ಸ್ವಾಮಿ. ನಿಂತಲ್ಲೇ ನಿಂತಿರ್ತಾನೆ. ಅವನ ಅಂಗೀನೇ ಹೇಳುತ್ತಲ್ಲ,’ ಎಂದ. ಐದು ನಿಮಿಷವೂ ಆಗಲಿಲ್ಲ. ಶ್ರೀಕಂಠಯ್ಯ ಹೆಸರಿನ ಮೇಲೆ ಗೆರೆ ಎಳೆದ. ಇನ್ನಾಸಪ್ಪ ಕೆಳಗಿಳಿದು ಹೋಗಿ ಕಾಫಿ ಕುಡಿದ.

ಅವನಿಗೆ ಪಿಳ್ಳಪ್ಪನ ಮೇಲೆ ಹಗೆ ಇತ್ತೇ? ಇಲ್ಲ. ಹೊಟ್ಟೆಕಿಚ್ಚು? ಅದೂ ಇಲ್ಲ. ಕೇಳಿದರು, ಹೇಳಿದ, ಮರೆತ. ನನಗೆ ಮೈ ಉರಿಯುವುದು ಅದಕ್ಕೇ. ದ್ವೇಷದಿಂದ ಮಾಡಿದ್ದರೆ ರಾತ್ರಿ ನಿದ್ದೆಯಾದರೂ ಕೆಡುತ್ತಿತ್ತು.

ಪಿಳ್ಳಪ್ಪನ ಜಾಗಕ್ಕೆ ಚಿಕ್ಕಮುನಿಯ ಎಂಬವನು ಬಂದ. ಏನು ಓಟ ಅವನದು. ಚೆಂಡು ಹೋದಲ್ಲೆಲ್ಲ ಅವನು ಹೋಗುತ್ತಿದ್ದ. ಅವನ ಅಂಗಿ ಹಿಂಡಿದರೆ ಶ್ರೀಕಂಠಯ್ಯನ ಚಪ್ಪಲಿ ನೆನೆಯುತ್ತಿತ್ತು. ಕಮಿಟಿಯವರಿಗೆ ಬಲು ಸಂತೋಷವಾಯಿತು.

ಆ ವರ್ಷ ಇನ್ನಾಸಪ್ಪ ಹೊಡೆದದ್ದು ನಾಲ್ಕೇ ಗೋಲು.

ಜನ ಮೂಗಿನ ಮೇಲೆ ಬೆರಳಿಟ್ಟರು. ವರ್ಷಕ್ಕೆ ಹದಿನಾಲ್ಕು ಹದಿನೈದು ಹೊಡೆಯುತ್ತಿದ್ದವನಿಗೆ ಏನಾಯಿತು? ಇನ್ನಾಸಪ್ಪನಿಗೂ ತಿಳಿಯಲಿಲ್ಲ. ಮಂಡಿಯಲ್ಲಿ ದೋಷವಿರಬೇಕು ಎಂದುಕೊಂಡು ಎಣ್ಣೆ ತಿಕ್ಕಿಸಿದ. ಚೆಂಡಿನ ಗಾಳಿ ಸರಿಯಿಲ್ಲ ಎಂದು ಜಗಳವಾಡಿದ. ದೃಷ್ಟಿಯಾಗಿದೆ ಎಂದು ಹೆಂಡತಿ ಮೆಣಸಿನಕಾಯಿ ನಿವಾಳಿಸಿದಳು. ಮುಂದಿನ ವರ್ಷ ಎರಡೇ ಗೋಲು. ವಯಸ್ಸಾಯಿತು ಎಂದು ಅವನೇ ಆಟ ಬಿಟ್ಟ. ಮಿಲ್ಲಿನವರು ಹಾರ ಹಾಕಿ, ಆಟ ಬಲ್ಲವನು ಎಂದು ಅವನನ್ನೇ ತಂಡದ ಮ್ಯಾನೇಜರ್ ಮಾಡಿದರು. ಮಗ್ಗದ ಕೆಲಸ ತಪ್ಪಿತು. ಆಟಗಾರರನ್ನು ಆರಿಸುವುದು, ಆಡಿಸುವುದು, ಗೆಲ್ಲಿಸುವುದು, ಇಷ್ಟೇ ಕೆಲಸ. ಮೈದಾನದ ಅಂಚಿನಲ್ಲಿ ಅವನಿಗೊಂದು ಬೆತ್ತದ ಕುರ್ಚಿ ಹಾಕಿದರು.

ಅವನು ಮ್ಯಾನೇಜರ್ ಆದ ಮೇಲೆ ಮೊದಲ ಪಂದ್ಯ ಒಂದು ಹಂಚಿನ ಕಾರ್ಖಾನೆಯ ತಂಡದ ಮೇಲೆ. ಆ ವರ್ಷ ತಾನೇ ಲೀಗಿಗೆ ಬಂದ ತಂಡ ಅದು. ಹಂಚು ಹೊತ್ತು ಬೆನ್ನು ಬಾಗಿದವರು. ಒಬ್ಬನಿಗೂ ಸರಿಯಾದ ಚಡ್ಡಿಯಿರಲಿಲ್ಲ. ಇನ್ನಾಸಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ.

ಅವರ ತಂಡದ ನಡುವೆ ಪಿಳ್ಳಪ್ಪ ನಿಂತಿದ್ದ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ಸೊಂಟದ ಮೇಲೆ ಕೈ.

‘ಅಯ್ಯೋ, ಇವನು ಇಲ್ಲೂ ನಿಂತಿದಾನಲ್ಲ,’ ಎಂದು ಇನ್ನಾಸಪ್ಪ ಪಕ್ಕದವನಿಗೆ ಹೇಳಿ ನಕ್ಕ.

ಆಟ ಶುರುವಾಯಿತು. ಮಕ್ಕಳೇ, ಒಂದು ವಿಷಯ ಗಮನಿಸಿ. ಇಷ್ಟು ವರ್ಷ ಆಡಿದರೂ ಇನ್ನಾಸಪ್ಪ ಪೂರ್ತಿ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಅವನ ಮುಖ ಎದುರಾಳಿಯ ಗೋಲಿನ ಕಡೆಗೆ, ಬೆನ್ನು ತನ್ನವರ ಕಡೆಗೆ. ಚೆಂಡು ಅವನ ಕಾಲಿಗೆ ಬರುತ್ತಿತ್ತು, ಅವನು ಒದೆಯುತ್ತಿದ್ದ. ಎಲ್ಲಿಂದ ಬಂತು ಎಂದು ಕೇಳಿದವನಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಹಾಗೆ ಚೆಂಡು ಬರುತ್ತದೆ ಎಂದುಕೊಂಡಿದ್ದ.

ಈಗ ಕುರ್ಚಿಯ ಮೇಲೆ ಕೂತು ಮೊದಲ ಸಲ ಎಲ್ಲವನ್ನೂ ನೋಡಿದ.

ಮಿಲ್ಲಿನವರು ಚೆಂಡನ್ನು ಬಲಕ್ಕೆ ಒದ್ದರು. ಪಿಳ್ಳಪ್ಪ ಎಡಕ್ಕೆ ಎರಡು ಹೆಜ್ಜೆ ಇಟ್ಟ. ಇವನಿಗೇನು ಬುದ್ಧಿ ಕೆಟ್ಟಿದೆಯೇ ಎಂದುಕೊಳ್ಳುವಷ್ಟರಲ್ಲಿ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಎಡಕ್ಕೇ ಬಂತು, ಪಿಳ್ಳಪ್ಪನ ಕಾಲ ಬಳಿಗೆ. ಒಮ್ಮೆಯಾದರೆ ಅದೃಷ್ಟ ಎನ್ನಬಹುದಿತ್ತು. ಮತ್ತೆ ಹಾಗೇ ಆಯಿತು. ಮತ್ತೂ ಆಯಿತು. ಅವನು ಚೆಂಡಿನ ಹಿಂದೆ ಹೋಗುತ್ತಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಇಂಥವನಿಗೆ ಬೆವರು ಎಲ್ಲಿಂದ ಬರಬೇಕು?

ಇನ್ನಾಸಪ್ಪ ಕಾಲು ಕೆಳಗಿಳಿಸಿ ನೆಟ್ಟಗೆ ಕೂತ.

ಚೆಂಡು ಪಿಳ್ಳಪ್ಪನ ಬಳಿ ಬಂದಾಗಲೆಲ್ಲ ಮಿಲ್ಲಿನ ಇಬ್ಬರು ಅವನತ್ತ ನುಗ್ಗುತ್ತಿದ್ದರು. ಅವರು ಬಿಟ್ಟು ಬಂದ ಜಾಗ ಖಾಲಿಯಾಗುತ್ತಿತ್ತು. ಪಿಳ್ಳಪ್ಪ ಅವರು ಹತ್ತಿರ ಬರುವವರೆಗೂ ಕಾಯುತ್ತಿದ್ದ. ಆಮೇಲೆ ಆ ಖಾಲಿ ಜಾಗಕ್ಕೆ ಚೆಂಡನ್ನು ಮೆಲ್ಲಗೆ ತಳ್ಳುತ್ತಿದ್ದ. ಒಮ್ಮೆ ಅಲ್ಲಿಗೆ ಹಂಚಿನವರ ಫಾರ್ವರ್ಡ್, ಮುದ್ದಣ್ಣ ಎಂಬ ಡೊಳ್ಳುಹೊಟ್ಟೆಯ ಆಳು, ಏದುಸಿರು ಬಿಡುತ್ತ ಬಂದು ಸೇರಿದ. ಎಡಗಡೆಯಿಂದ ಬಂದ. ನೆಲಕ್ಕೆ ತಾಗಿದಂತೆ ಒದ್ದ. ಚೆಂಡು ಆಚೆ ಕಂಬದ ಒಳಮಗ್ಗುಲಿಗೆ ಹೋಯಿತು.

ಇನ್ನಾಸಪ್ಪ ಕುರ್ಚಿಯಿಂದ ಎದ್ದು ನಿಂತ. ಅದು ‘ಇನ್ನಾಸಪ್ಪನ ಗೋಲು’. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮುದ್ದಣ್ಣ ಅದನ್ನೇ ಮತ್ತೊಂದು ಹೊಡೆದ. ಮೂರನೆಯದೂ ಹಾಗೆಯೇ. ನಾಲ್ಕನೆಯದಕ್ಕೆ ಅವನು ಎಡವಿದ. ಬೀಳುತ್ತ ಒದ್ದರೂ ಗೋಲಾಯಿತು. ತಾನು ಒಂಬತ್ತು ವರ್ಷ ತನ್ನದೆಂದು ನಂಬಿದ್ದ ಗೋಲನ್ನು, ಓಡಲೂ ಬಾರದ ಒಬ್ಬ ಹಂಚು ಹೊರುವವನು ಒಂದೇ ಸಂಜೆ ನಾಲ್ಕು ಸಲ ಹೊಡೆದಿದ್ದ. ಇನ್ನಾಸಪ್ಪನ ಮಂಡಿಯಲ್ಲಿ ದೋಷವಿರಲಿಲ್ಲ. ದೃಷ್ಟಿಯೂ ಆಗಿರಲಿಲ್ಲ. ಪಕ್ಕದವನು ಏನೋ ಕೇಳಿದ, ಇವನಿಗೆ ಕೇಳಿಸಲಿಲ್ಲ.

ಆಟ ಮುಗಿಯಿತು. ಅವನು ತನ್ನ ತಂಡವನ್ನು ಬಿಟ್ಟು ನೇರ ಪಿಳ್ಳಪ್ಪ ಇದ್ದ ಕಡೆಗೆ ಹೋದ. ಪಿಳ್ಳಪ್ಪ ಮೈದಾನದ ಪಕ್ಕದ ದಿಬ್ಬದ ಮೇಲೆ ಕೂತು ಕಾಲಿನ ಬಟ್ಟೆ ಬಿಚ್ಚುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅಕ್ಕಯ್ಯಮ್ಮ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು.

ಬಟ್ಟೆಯ ಕೊನೆಯ ಸುತ್ತು ಬಿಚ್ಚಿತು. ಇನ್ನಾಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಬಲಗಾಲಿನ ಬೆರಳುಗಳು ಬೇರೆ ಬೇರೆ ಇರಲಿಲ್ಲ. ಸುಟ್ಟು, ಒಂದಕ್ಕೊಂದು ಅಂಟಿ, ಒಂದೇ ಮುದ್ದೆಯಾಗಿದ್ದವು.

‘ಇದೇನು ಪಿಳ್ಳಣ್ಣ?’

‘ಹಂಚು ಸುಡೋ ಗೂಡು ಕಣಪ್ಪ. ಮೇಲೆ ನಿಂತು ಸೌದೆ ಹಾಕೋ ಕೆಲಸ ನಂದು. ಹೋದ ವರ್ಷ ಗೂಡಿನ ಬಾಯಿ ಕುಸೀತು, ಕಾಲು ಒಳಗೋಯ್ತು,’ ಎಂದ ಪಿಳ್ಳಪ್ಪ. ‘ಈಗ ಓಡ್ಬೇಕು ಅಂದ್ರೂ ಓಡಕ್ಕಾಗಲ್ಲ. ಪುಣ್ಯಕ್ಕೆ ಮೊದ್ಲಿಂದ್ಲೂ ಓಡೋ ಅಭ್ಯಾಸ ಇರ್ಲಿಲ್ಲ.’

ಹೀಗೆ ಹೇಳಿ ಅವನು ನಕ್ಕ. ಇನ್ನಾಸಪ್ಪನಿಗೆ ನಗು ಬರಲಿಲ್ಲ. ‘ಗೂಡಿನ ಕೆಲಸಕ್ಕೆ ಯಾಕೆ ಹೋದೆ?’ ಎಂದು ಕೇಳಿದ. ಕೇಳಬಾರದಾಗಿತ್ತು.

ಉತ್ತರ ಹೇಳಿದವಳು ಅಕ್ಕಯ್ಯಮ್ಮ. ‘ಮಿಲ್ಲು ಬಿಡಿಸಿದ್ಮೇಲೆ ಎಂಟು ತಿಂಗಳು ಕೆಲಸ ಇರ್ಲಿಲ್ಲ ಇನ್ನಾಸಣ್ಣ. ಎಲ್ರೂ ಬೇಡ ಅಂದಿದ್ ಕೆಲಸ ಅದೊಂದೇ ಉಳಿದಿತ್ತು. ಮಾಡ್ದೆ ಇದ್ರೆ ಮನೇಲಿ ಒಲೆ ಹತ್ತತಿರ್ಲಿಲ್ಲ.’

ಇನ್ನಾಸಪ್ಪ ದಿಬ್ಬದ ಮೇಲೆ ಕುಸಿದು ಕೂತ. ‘ಪಿಳ್ಳಣ್ಣ, ಅವತ್ತು ನಿನ್ನ ಹೆಸರು ಹೇಳಿದ್ದು ನಾನು,’ ಎಂದ.

‘ಗೊತ್ತು,’ ಎಂದ ಪಿಳ್ಳಪ್ಪ.

‘ಗೊತ್ತಾ? ಯಾವಾಗಿಂದ?’

‘ಅವತ್ತಿಂದ್ಲೇ. ಕಮಿಟಿಯೋರೇ ಹೇಳಿದ್ರು.’

ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು. ಸಂತೆಯಲ್ಲಿ ಎದುರಾದಾಗಲೆಲ್ಲ ಅವನೇ ಮೊದಲು ಮಾತಾಡಿಸುತ್ತಿದ್ದ, ‘ಮಂಡಿ ನೋವು ಹೇಗಿದೆ ಇನ್ನಾಸಪ್ಪ’ ಎಂದು ವಿಚಾರಿಸುತ್ತಿದ್ದ. ನಾನು ಈ ಕಥೆಯನ್ನು ಮೊದಲ ಸಲ ಕೇಳಿದಾಗ ದಂಗಾದದ್ದು ಇಲ್ಲೇ. ನಾನಾಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

‘ನೀನು ಬೇಕೂಂತ ಮಾಡ್ಲಿಲ್ಲ,’ ಎಂದ ಪಿಳ್ಳಪ್ಪ. ‘ನಿಂಗೆ ಕಾಣಿಸ್ಲಿಲ್ಲ, ಅಷ್ಟೆ. ಹೋಗ್ಲಿ ಬಿಡು.’

ಇನ್ನಾಸಪ್ಪ ಅವನ ಕೈ ಹಿಡಿದುಕೊಂಡ. ‘ತಪ್ಪಾಯ್ತು ಪಿಳ್ಳಣ್ಣ,’ ಎಂದ. ಕಣ್ಣಲ್ಲಿ ನೀರು ಬಂತು. ಹೇಳಿಬಿಟ್ಟ ಮೇಲೆ ಅವನ ಎದೆ ಸ್ವಲ್ಪ ಹಗುರವೂ ಆಯಿತು. ಮುಖ ಒರೆಸಿಕೊಂಡು ಎದ್ದ.

‘ನಿಂತ್ಕೊ ಇನ್ನಾಸಣ್ಣ,’ ಎಂದಳು ಅಕ್ಕಯ್ಯಮ್ಮ. ಅವಳ ದನಿ ಏರಲಿಲ್ಲ. ‘ನಮ್ಮನೆಯೋರು ಬಿಟ್ಬಿಡ್ತಾರೆ. ಅವರ ಸ್ವಭಾವ ಅದು. ನಾನು ಬಿಡಲ್ಲ. ನಮ್ಮೆಜಮಾನ್ರು ಕೆಲಸಗಳ್ಳ ಅಂತ ನೀನು ಎಲ್ಲಿ ಹೇಳ್ದೆ?’

‘ಮಿಲ್ಲಿನ ಮಹಡಿ ಮೇಲೆ. ಕಮಿಟಿ ಮುಂದೆ.’

‘ಹಂಗಿದ್ರೆ ತಪ್ಪಾಯ್ತು ಅನ್ನೋದನ್ನೂ ಅಲ್ಲೇ ಹೋಗಿ ಹೇಳು. ಈ ದಿಬ್ಬದ ಮೇಲೆ ನಮ್ಮಿಬ್ರಿಗೆ ಹೇಳಿದ್ರೆ ಏನ್ ಬಂತು? ಮಿಲ್ಲಿನ ತುಂಬ ಇವರ ಹೆಸರು ಇವತ್ತಿಗೂ ಒಣ ಅಂಗೀನೇ.’

ಪಿಳ್ಳಪ್ಪ ‘ಸುಮ್ನಿರೇ’ ಎಂದ. ಅವಳು ಸುಮ್ಮನಿರಲಿಲ್ಲ. ಇನ್ನಾಸಪ್ಪ ಹೊರಟುಹೋದ.

ನಾಲ್ಕು ದಿನ ಅವನು ಮಹಡಿ ಹತ್ತಲಿಲ್ಲ. ಯಾಕೆ ಗೊತ್ತೇ? ಹೆದರಿಕೆ. ಕುರ್ಚಿಯ ಹೆದರಿಕೆ. ಆಟ ಬಲ್ಲವನು ಎಂದೇ ಅವನನ್ನು ಮ್ಯಾನೇಜರ್ ಮಾಡಿದ್ದರು. ಪಕ್ಕದಲ್ಲೇ ಇದ್ದವನ ಆಟ ನನಗೆ ತಿಳಿಯಲಿಲ್ಲ ಎಂದು ಹೇಳಿದರೆ ಮುಂದೇನು? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಳ್ಳಪ್ಪನಂತೂ ಬಾಯಿ ಬಿಡುವವನಲ್ಲ. ಬೀದಿಯಲ್ಲಿ ಜನ ಎಂದಿನಂತೆ ‘ನೂರಾ ಮೂವತ್ತೊಂದು ಗೋಲಿನ ಇನ್ನಾಸಪ್ಪನೋರು’ ಎಂದು ನಮಸ್ಕಾರ ಮಾಡುತ್ತಿದ್ದರು. ಆ ನಮಸ್ಕಾರ ಅವನಿಗೆ ಚುಚ್ಚತೊಡಗಿತು. ಊಟಕ್ಕೆ ಕೂತರೆ ಆ ಅಂಟಿದ ಬೆರಳುಗಳೇ ಕಣ್ಣೆದುರು ಬರುತ್ತಿದ್ದವು.

ಶನಿವಾರ ಕಮಿಟಿ ಕೂತಿತ್ತು. ಅವನನ್ನು ಯಾರೂ ಕರೆಯದಿದ್ದರೂ ಹೋದ. ಮೂವರ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದ.

‘ಸ್ವಾಮಿ, ಗೋಲು ಹೊಡೆದದ್ದು ನಾನೇ. ಹೊಡೆಯೋ ಹಾಗೆ ಮಾಡಿದ್ದು ಪಿಳ್ಳಪ್ಪ. ಅವನು ಸುಮ್ಮನೆ ನಿಂತಿರ್ಲಿಲ್ಲ. ನಾನು ಒಂದು ಸಲವೂ ತಿರುಗಿ ನೋಡ್ಲಿಲ್ಲ. ನೋಡದೆ ಅವನ ಅನ್ನ ತೆಗೆಸಿದೆ. ಅವನ ಕಾಲು ಸುಟ್ಟದ್ದು ನನ್ನ ಮಾತಿನಿಂದ. ಅವನು ಕೆಲಸಗಳ್ಳ ಅಲ್ಲ ಅಂತ ಇಲ್ಲೇ ಬರೆದು ಗೇಟಿನಲ್ಲಿ ಹಾಕಿ.’

ಮೂವರೂ ಮುಖ ಮುಖ ನೋಡಿಕೊಂಡರು. ಶ್ರೀಕಂಠಯ್ಯ ತನ್ನ ಕೈ ನೋಡಿಕೊಂಡ. ಅಂಗಿ ಹಿಂಡಿದ ಕೈಗಳು ಅವನವೇ ತಾನೆ? ಆಮೇಲೆ ಅವರವರೇ ತಲೆ ತಗ್ಗಿಸಿ ಪಿಸುಗುಟ್ಟಿದರು. ಶ್ರೀಕಂಠಯ್ಯ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದ. ಪಿಳ್ಳಪ್ಪನದು ತಪ್ಪಿರಲಿಲ್ಲ ಎಂಬ ಸಾಲುಗಳು. ಅದನ್ನು ಗೇಟಿಗೆ ಅಂಟಿಸಲು ಹೇಳಿದ.

ಇನ್ನಾಸಪ್ಪ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಶ್ರೀಕಂಠಯ್ಯ ತಂಡದ ಪುಸ್ತಕ ತೆರೆದ. ಮ್ಯಾನೇಜರ್ ಎಂದು ಬರೆದಿದ್ದ ಕಡೆ ಇನ್ನಾಸಪ್ಪನ ಹೆಸರಿನ ಮೇಲೆ ಗೆರೆ ಎಳೆದ.

‘ಒಂಬತ್ತು ವರ್ಷ ಜೊತೆಗಿದ್ದವನ ಆಟ ತಿಳಿಯದೋನು ಹನ್ನೊಂದು ಜನರನ್ನ ಹೇಗೆ ಆರಿಸ್ತೀಯ? ಸೋಮವಾರದಿಂದ ಮಗ್ಗಕ್ಕೆ ಹೋಗು,’ ಎಂದ.

ಇನ್ನಾಸಪ್ಪ ಕುರ್ಚಿ ಹೋದೀತೆಂದು ಹೆದರಿದ್ದ, ನಿಜ. ಆದರೆ ಇಷ್ಟು ಬೇಗ, ಇಷ್ಟು ಸುಲಭವಾಗಿ ಹೋಗುತ್ತದೆಂದು ಎಣಿಸಿರಲಿಲ್ಲ. ಆಟ ಏನೆಂದು ಅವನಿಗೆ ಅರ್ಥವಾದದ್ದೇ ಈ ವಾರ. ಇನ್ನು ಮುಂದೆ ಅವನಷ್ಟು ಒಳ್ಳೆಯ ಮ್ಯಾನೇಜರ್ ಆ ಮಿಲ್ಲಿಗೆ ಸಿಗುತ್ತಿರಲಿಲ್ಲ.

‘ಸ್ವಾಮಿ,’ ಎಂದ. ‘ಗೆರೆ ಎಳೆಯೋ ಮೊದಲು ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?’

ಶ್ರೀಕಂಠಯ್ಯ ತಲೆಯೆತ್ತದೆ ಹೇಳಿದ:

‘ಪಿಳ್ಳಪ್ಪನ್ನ ಕೇಳಿದ್ವಾ?’

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಕೈಯಲ್ಲಿದ್ದ ಪೆನ್ನು ನಿಂತಿತು. ಅವನು ನಿಧಾನವಾಗಿ ತಲೆಯೆತ್ತಿದ. ಇನ್ನಾಸಪ್ಪನೂ ಅವನೂ ಒಬ್ಬರನ್ನೊಬ್ಬರು ನೋಡಿದರು. ಕಮಿಟಿಯ ಉಳಿದಿಬ್ಬರು ನೆಲ ನೋಡಿದರು. ಅದೇ ಮಹಡಿ, ಅದೇ ಮೇಜು, ಅವರೇ ಮೂವರು. ಎರಡು ಸಲವೂ ಐದು ನಿಮಿಷದೊಳಗೆ ಒಬ್ಬನ ಬದುಕಿನ ಮೇಲೆ ಗೆರೆ ಬಿದ್ದಿತ್ತು. ಎರಡು ಸಲವೂ ಅವನನ್ನು ಯಾರೂ ಕೇಳಿರಲಿಲ್ಲ.

ಇನ್ನಾಸಪ್ಪ ಕೈಮುಗಿದು ಮೆಟ್ಟಿಲಿಳಿದ. ಸೋಮವಾರ ಮಗ್ಗದ ಮುಂದೆ ನಿಂತ. ಮುಂದೆ ಹನ್ನೊಂದು ವರ್ಷ ಅಲ್ಲೇ ದುಡಿದ. ಯಾರಾದರೂ ಬಂದು ‘ಇಂಥವನು ಹೇಗೆ ಕೆಲಸ ಮಾಡ್ತಾನೆ ಇನ್ನಾಸಪ್ಪ?’ ಎಂದು ಕೇಳಿದರೆ, ‘ನಂಗೆ ಗೊತ್ತಿಲ್ಲ ಸ್ವಾಮಿ, ಬನ್ನಿ, ಅವನನ್ನೇ ಕೇಳೋಣ’ ಎಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದ.

ನೀತಿ: ಒಬ್ಬನ ದುಡಿಮೆ ನಿಮ್ಮ ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ಅವನು ದುಡಿಯುತ್ತಿಲ್ಲ ಎಂದಲ್ಲ, ನೀವು ಬೇರೆ ಕಡೆ ಮುಖ ಮಾಡಿ ನಿಂತಿರಬಹುದು. ಇನ್ನೊಬ್ಬರ ಅನ್ನದ ವಿಷಯದಲ್ಲಿ ಬಾಯಿ ತೆರೆಯುವ ಮೊದಲು ಅವರನ್ನು ಒಂದು ಮಾತು ಕೇಳಿ. ಹತ್ತು ಜನರ ಮುಂದೆ ಕಳೆದ ಹೆಸರನ್ನು ಹತ್ತು ಜನರ ಮುಂದೆಯೇ ಹಿಂದಿರುಗಿಸಿ.